ಇನ್ನೂರರ ಟಿಕೆಟ್ ಇರಲಿ, ಶೋ ಎಲ್ಲಿದೆ?

ಸಂಪಾದಕರೇ,

ಸಿನಿಮಾ ಟಿಕೆಟ್ ದರ ತೆರಿಗೆ ಬಿಟ್ಟು 200 ರೂಪಾಯಿ ದಾಟಬಾರದು ಎಂದು ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಿತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಆಗಿನಿಂದ ಸಿನಿಮಾ ಎಂದರೆ ಟಿಕೆಟ್ ದರದ್ದೇ ಮಾತು. ಶಿರಸಿ ಕಡೆಯ ನಮಗೆ ಇದು ಕರೆಯದ ಮದುವೆಯ ಊಟದ ಸುದ್ದಿ ಕೇಳಿದ ಹಾಗಿದೆ. ನಮ್ಮ ಕಡೆ ಟಾಕೀಸಿನಲ್ಲಿ 200 ರೂಪಾಯಿ ಟಿಕೆಟ್ ನಾನು ಕಂಡೇ ಇಲ್ಲ.

ದೀಪಾವಳಿ ಮುಗಿದ ವಾರ ಒಂದು ಕನ್ನಡ ಸಿನಿಮಾ ನೋಡಲು ಹೆಂಡತಿ, ಮಗಳ ಜೊತೆ ಪೇಟೆಗೆ ಹೋಗಿದ್ದೆ. ಕೌಂಟರ್ ಎದುರು ನಾವೂ ಸೇರಿ ಏಳು ಜನ. ‘ಹದಿನೈದು ಜನ ಆದ್ರೆ ಶೋ ಹಾಕ್ತೇವೆ’ ಎಂದರು. ಅರ್ಧ ಗಂಟೆ ಕಾದೆವು. ಹನ್ನೊಂದಕ್ಕೆ ನಿಂತಿತು. ಭಜಿ ತಿಂದು ಮನೆಗೆ ಬಂದೆವು. ಅವರನ್ನು ದೂರುವುದಿಲ್ಲ. ಏಳು ಟಿಕೆಟ್‌ನಲ್ಲಿ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ.

ತಿಂಗಳು ಕಳೆಯುವುದರೊಳಗೆ ಅದೇ ಸಿನಿಮಾ ಮೊಬೈಲಿಗೆ ಬಂತು. ರಾತ್ರಿ ಅಡಿಕೆ ಸುಲಿಯಲು ಕೂತಾಗ ಮೊಬೈಲನ್ನು ಬುಟ್ಟಿಗೆ ಆನಿಸಿಟ್ಟು ನೋಡಿದೆವು. ಮೆಟ್ಟುಗತ್ತಿ ನೋಡಿದರೆ ಸಿನಿಮಾ ತಪ್ಪುತ್ತದೆ, ಸಿನಿಮಾ ನೋಡಿದರೆ ಬೆರಳು ಹೋಗುತ್ತದೆ. ಕ್ಲೈಮ್ಯಾಕ್ಸ್ ಹೊತ್ತಿಗೆ ನೆಟ್‌ವರ್ಕೇ ಹೋಯಿತು ಅನ್ನಿ.

ತಮಾಷೆ ಎಂದರೆ ಈ ಡಿಜಿಟಲ್ಲಿನಿಂದ ಮೊದಲು ಲಾಭವಾದದ್ದು ನಮ್ಮಂಥ ಊರುಗಳಿಗೇ. ರೀಲಿನ ಕಾಲದಲ್ಲಿ ಪ್ರಿಂಟ್ ಹಾಕಿಸುವುದು ದುಬಾರಿ, ಹಾಗಾಗಿ ಇರುತ್ತಿದ್ದದ್ದೇ ಕೆಲವು. ದೊಡ್ಡ ಊರುಗಳಲ್ಲಿ ಓಡಿ, ಮೈತುಂಬ ಗೀರು ಬಿದ್ದ ಮೇಲೆ ಡಬ್ಬಗಳು ಘಟ್ಟದ ಕಡೆ ಬರುತ್ತಿದ್ದವು. ಉಪಗ್ರಹ, ಹಾರ್ಡ್ ಡಿಸ್ಕ್ ಮೂಲಕ ಸಿನಿಮಾ ಬರತೊಡಗಿದ ಮೇಲೆ ಬೆಂಗಳೂರಿನ ಶುಕ್ರವಾರವೇ ನಮಗೂ ಶುಕ್ರವಾರ ಆಯಿತು. ಈಗ ಸಿನಿಮಾ ಹೊತ್ತಿಗೆ ಸರಿಯಾಗಿ ಬರುತ್ತದೆ, ಜನ ಬರುವುದಿಲ್ಲ.

ಜನಕ್ಕೆ ಮನೆ ಬಿಟ್ಟು ಬರುವ ಆಸೆಯೇ ಹೋಗಿದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಯಕ್ಷಗಾನ ನೋಡಿ. ಯೂಟ್ಯೂಬಿನಲ್ಲಿ ಬೇಕಾದಷ್ಟು ಪ್ರಸಂಗ ಪುಕ್ಕಟೆ ಸಿಗುತ್ತವೆ. ಆದರೂ ಪಕ್ಕದೂರಲ್ಲಿ ಆಟ ಇದೆ ಎಂದರೆ ನಾವು ಹೊರಡುತ್ತೇವೆ. ಬೆಳಗಿನವರೆಗೆ ಕೂರಲು ಆಗದವರಿಗೆ ಕಾಲಮಿತಿ ಆಟ ಬಂತು. ಮೇಳವೇ ಊರಿಗೆ ಬರುತ್ತದೆ. ಹಿಂದೆ ಟೂರಿಂಗ್ ಟಾಕೀಸೂ ಹಾಗೇ ಬರುತ್ತಿತ್ತು ಅಲ್ವಾ?

ಈಗ ದೊಡ್ಡ ಪರದೆ ಬೇಕೆಂದರೆ ನಾವು ಸುಮಾರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಬೇಕು. ಟಿಕೆಟ್‌ಗಿಂತ ಪೆಟ್ರೋಲೇ ಜಾಸ್ತಿ. ಕಾರವಾರದ ನಮ್ಮ ನೆಂಟರು ಗೋವಾದ ಮಡಗಾಂವಿಗೆ ಹೋಗುತ್ತಾರೆ. ಅಲ್ಲಿ ಕನ್ನಡ ಸಿನಿಮಾ ಇರುತ್ತದೆ ಎಂಬ ಖಾತ್ರಿ ಇಲ್ಲ.

2025ರ ಬಜೆಟ್‌ನಲ್ಲಿ ಕನ್ನಡ ಸಿನಿಮಾಗಳಿಗೆ ಸರ್ಕಾರದ್ದೇ ಒಟಿಟಿ ಮಾಡುವ ಮಾತು ಇತ್ತು. ಮಾಡಲಿ. ಆದರೆ ಅದೂ ಮತ್ತೆ ಬುಟ್ಟಿಗೆ ಆನಿಸಿಟ್ಟ ಮೊಬೈಲೇ. ಅದರ ಜೊತೆಗೆ ಶಿರಸಿ, ಕುಮಟಾ, ಅಂಕೋಲಾದಂಥ ಊರುಗಳಲ್ಲಿ ಶನಿವಾರ, ಭಾನುವಾರ ಒಂದೊಂದು ಕನ್ನಡ ಶೋ ನಡೆಸಲು ನೆರವು ಕೊಡಲಿ. ಟಾಕೀಸಾದರೂ ಸರಿ, ರಂಗಮಂದಿರವಾದರೂ ಸರಿ. ಯಾವ ಸಿನಿಮಾ ಬೇಕು ಎಂದು ವಾಟ್ಸಾಪಿನಲ್ಲಿ ಮೊದಲೇ ಹೆಸರು ಬರೆಸಿಕೊಳ್ಳಲಿ, ಸಾಕಷ್ಟು ಜನ ಆದ ಮೇಲೆ ಶೋ ಇಡಲಿ. ಡಬ್ಬ ಹೊತ್ತು ತರುವ ಕಾಲದಲ್ಲಿ ಇದು ಆಗುವ ಕೆಲಸ ಆಗಿರಲಿಲ್ಲ. ಈಗ ಆಗುತ್ತದೆ.

ನಮ್ಮ ಮನೆಯಿಂದ ಮೂರು ಹೆಸರು ಈಗಲೇ ಬರೆದುಕೊಳ್ಳಬಹುದು.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು