ಭಾನುವಾರದ ಸಂಗೀತ ಕೂಟ: ಈ ಸಲ ಮೆಟ್ನರ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಸರಸ್ವತೀಪುರಂನ ನಮ್ಮ ಮನೆಯಲ್ಲಿ ಸೇರೋಣ. ಈ ಸಲ ರಷ್ಯಾದ ಪಿಯಾನೋ ವಾದಕ, ಸಂಯೋಜಕ ನಿಕೊಲಾಯ್ ಮೆಟ್ನರ್.

ಯಾರಪ್ಪ ಇವರು ಅನ್ನುತ್ತೀರಾ? 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಕ್ರಾಂತಿಯ ನಂತರ ದೇಶ ಬಿಟ್ಟು ಕೊನೆಗೆ ಲಂಡನ್‌ನಲ್ಲಿ ನೆಲೆಸಿದರು. ರಷ್ಯಾದ ಹೆಸರಾಂತ ಸಂಯೋಜಕ ರಾಖ್ಮನಿನಾಫ್ ಅವರ ಆಪ್ತ ಗೆಳೆಯ, ಆದರೆ ಅಷ್ಟು ಹೆಸರು ಬರಲಿಲ್ಲ. ವಯಸ್ಸಾಗಿ ಆರೋಗ್ಯ ಕೆಟ್ಟಿದ್ದಾಗ ಕೈ ಹಿಡಿದವರು ನಮ್ಮ ಜಯಚಾಮರಾಜ ಒಡೆಯರ್! ಅವರ ನೆರವಿನಿಂದಲೇ ಮೆಟ್ನರ್ ತಮ್ಮ ಮೂರೂ ಪಿಯಾನೋ ಕನ್ಚೆರ್ಟೊಗಳನ್ನು (ಪಿಯಾನೋ ಜೊತೆ ವಾದ್ಯವೃಂದವೂ ನುಡಿಸುವ ದೊಡ್ಡ ಕೃತಿಗಳು) ತಾವೇ ನುಡಿಸಿ ರೆಕಾರ್ಡ್ ಮಾಡಿದರು. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ತೀರಿಕೊಂಡರು. ಮೈಸೂರಿನಲ್ಲೇ ಇದು ಗೊತ್ತಿರುವವರು ಕಮ್ಮಿ, ಅಲ್ವಾ?

ನಾವು ಕೇಳುವುದು ಆ ಮೂರನೆಯದನ್ನೇ. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಇದೆ. ಫೋನ್ ಸೈಲೆಂಟ್ ಇರಲಿ, ಮಾತೆಲ್ಲ ಆಮೇಲೆ.

ಕುರ್ಚಿಗಳು ಕಮ್ಮಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಸುಮ್ನೆ ಹೆಬ್ಬೆರಳು ಒತ್ತಿದರೆ ಲೆಕ್ಕ ಸಿಗುವುದಿಲ್ಲ. ರಸ್ತೆ ಕಿರಿದು, ಆದಷ್ಟು ಸ್ಕೂಟರ್ ಅಥವಾ ಆಟೋದಲ್ಲಿ ಬನ್ನಿ. ಕಾಫಿ, ಕೋಡುಬಳೆ ನಮ್ಮದು. ಒಳ್ಳೆಯ ಸ್ಪೀಕರ್ ಇರುವವರು ಯಾರಾದರೂ ತರುತ್ತೀರಾ? ಇವತ್ತೇ ತಿಳಿಸಿ.