ದೂರದ ಓಟ ಬೆಳಿಗ್ಗೆಯೇ ಇಡಿ

ಸಂಪಾದಕರೇ,

ಈಚೆಗೆ ನಮ್ಮ ಕಡೆ ಹೈಸ್ಕೂಲು ಮಕ್ಕಳ ದೂರದ ಓಟ ನೋಡಿದ್ದೀರಾ? ಮೊದಲೆಲ್ಲ 3000 ಮೀಟರ್ ಅಂದರೆ ಎಷ್ಟೋ ಮಂದಿ ನಡುವೆಯೇ ನಿಂತುಬಿಡುತ್ತಿದ್ದರು. ಈಗ ಹಿಂದೆ ಉಳಿದವರೂ ಕೊನೆಯ ಸುತ್ತಿನಲ್ಲಿ ಜೋರು ಹಿಡಿಯುತ್ತಾರೆ. ಅದೂ 200 ಮೀಟರಿನ ಮಣ್ಣಿನ ಟ್ರ್ಯಾಕಿನಲ್ಲಿ 15 ಸುತ್ತು, ಕೆಲವರು ಬರಿಗಾಲಲ್ಲಿ, ಮತ್ತೆ ಪ್ರತಿ ತಿರುವಿನಲ್ಲೂ ವೇಗ ಕಡಿಮೆಯಾಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಲ್ವಾ?

ಓಟಗಾರ ಅವಿನಾಶ್ ಸಾಬ್ಳೆ ನಮ್ಮಂಥದ್ದೇ ಬರದ ಸೀಮೆಯವರು, ಮಹಾರಾಷ್ಟ್ರದ ಬೀಡ್ ಜಿಲ್ಲೆ. 2024ರಲ್ಲಿ ಪ್ಯಾರಿಸ್‌ನ ಡೈಮಂಡ್ ಲೀಗ್ ಕೂಟದಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ (ಅಡ್ಡಗಟ್ಟೆ, ನೀರಿನ ಹೊಂಡ ಹಾರಿ ಓಡುವ ಓಟ) ಅನ್ನು 8 ನಿಮಿಷ 9.91 ಸೆಕೆಂಡಿನಲ್ಲಿ ಮುಗಿಸಿ ದೇಶದ ದಾಖಲೆ ಮಾಡಿದರು. ಆ ದಮ್ಮು ನಮ್ಮ ಮಕ್ಕಳಿಗೂ ಇದೆ. ತೋರಣಗಲ್ಲಿನ ಹತ್ತಿರ 2018ರಿಂದ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆ ಇದೆ, ನಿಜ. ಆದರೆ ಅಲ್ಲಿಗೆ ಆಯ್ಕೆಯಾಗುವವರು ಕೆಲವರೇ, ಉಳಿದವರು ಬೆಳೆಯಬೇಕಾದದ್ದು ಶಾಲೆಯ ಮೈದಾನದಲ್ಲೇ.

ಅದಕ್ಕೆ ಶಾಲಾ ಕ್ರೀಡಾಕೂಟ ನಡೆಸುವವರನ್ನು ಕೇಳುತ್ತಿದ್ದೇನೆ. ಉದ್ದದ ಓಟಗಳನ್ನು ಮಧ್ಯಾಹ್ನದ ಬಳ್ಳಾರಿ ಬಿಸಿಲಲ್ಲಿ ಇಡಬೇಡಿ, ಬೆಳಿಗ್ಗೆ 7ಕ್ಕೇ ಮುಗಿಸಿ. ಓಡಿದ ಪ್ರತಿಯೊಬ್ಬರ ಟೈಮ್ ಬರೆದು ಕೊಡಿ, ಮೊದಲ ಮೂವರದ್ದು ಬರೆದು ಸುಮ್ನಾಗಬೇಡಿ. ಏಳನೆಯವಳಾಗಿ ಬಂದ ಹುಡುಗಿ ಹೋದ ವರ್ಷಕ್ಕಿಂತ 20 ಸೆಕೆಂಡು ಬೇಗ ಓಡಿದ್ದರೆ, ಅದು ಅವಳಿಗೆ ಗೊತ್ತಾಗಬೇಡವೇ?

– ಒಬ್ಬ ಓದುಗ, ಸಿರುಗುಪ್ಪ, ಬಳ್ಳಾರಿ ಜಿಲ್ಲೆ