ಪಿಕ್ಚರ್ ಟ್ಯೂಬುಗಳನ್ನು ಒಡೆಯುವ ಮುನ್ನ

ಮಾನ್ಯ ಸಂಪಾದಕರೇ,

ಇ-ತ್ಯಾಜ್ಯದ ಹೆಸರಿನಲ್ಲಿ ಮನೆಗಳಿಂದ ಹೊರಬೀಳುವ ಹಳೆಯ ಟಿವಿಗಳ ಪಿಕ್ಚರ್ ಟ್ಯೂಬುಗಳಿಗೆ ನಮ್ಮ ಊರಿನ ಗುಜರಿ ಅಂಗಳಗಳಲ್ಲಿ ಒದಗುತ್ತಿರುವ ಗತಿಯ ಕುರಿತು ಈ ಪತ್ರ ಬರೆಯುತ್ತಿದ್ದೇನೆ. ವೃತ್ತಿಯಿಂದ ನಾನು ಲೆಕ್ಕಪತ್ರದವನು. ಹಳೆಯ ವಿಡಿಯೋ ಗೇಮ್ ಯಂತ್ರವೊಂದನ್ನು ಹವ್ಯಾಸಕ್ಕೆಂದು ದುರಸ್ತಿ ಮಾಡಹೊರಟಾಗಲೇ ಈ ವಿಷಯ ನನ್ನ ಗಮನಕ್ಕೆ ಬಂದದ್ದು.

ತೊಂಬತ್ತರ ದಶಕದಲ್ಲಿ ಮಂಗಳೂರಿನಲ್ಲಿ ಓದಿದವರಿಗೆ ವಿಡಿಯೋ ಗೇಮ್ ಪಾರ್ಲರುಗಳು ನೆನಪಿರಬಹುದು. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1991ರಲ್ಲಿ ಹೊರತಂದ ಸ್ಟ್ರೀಟ್ ಫೈಟರ್ 2 ಮತ್ತು 1993ರಲ್ಲಿ ಬಂದ ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್ ಆಟಗಳ ಮುಂದೆ ಹುಡುಗರು ಸಾಲುಗಟ್ಟಿ ನಿಲ್ಲುತ್ತಿದ್ದರು. ಎರಡನೆಯದನ್ನು ಅದರ ನಿಜವಾದ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ನಮಗೆಲ್ಲ ಅದು ‘ಮುಸ್ತಫಾ ಗೇಮ್’. ಎರಡು ವರ್ಷಗಳ ಹಿಂದೆ ಬಂದರು ಪ್ರದೇಶದ ಗೋದಾಮೊಂದನ್ನು ಖಾಲಿ ಮಾಡುತ್ತಿದ್ದಾಗ ಅಂಥದೇ ಆಳೆತ್ತರದ ಪೆಟ್ಟಿಗೆಯೊಂದು ತಕ್ಕಡಿ ಏರಲು ಸಿದ್ಧವಾಗಿತ್ತು. ಗುಜರಿಯವರು ಹೇಳಿದ ತೂಕದ ಬೆಲೆಗಿಂತ ತುಸು ಹೆಚ್ಚು ಕೊಟ್ಟು ಅದನ್ನು ಉರ್ವದ ನನ್ನ ಮನೆಗೆ ಸಾಗಿಸಿದೆ.

ಪೆಟ್ಟಿಗೆಯ ಅಡಿಹಲಗೆ ಮಳೆಗಾಲದ ತೇವ ಕುಡಿದು ನೆನೆದ ರಸ್ಕಿನಂತೆ ಉಬ್ಬಿತ್ತು; ಒಂದು ಬದಿಯನ್ನು ಗೆದ್ದಲು ತಿಂದಿತ್ತು. ಇದು ದೊಡ್ಡ ಸಮಸ್ಯೆಯೇನಲ್ಲ, ಹಳೆಯ ಹಲಗೆಯನ್ನೇ ಅಳತೆಗೆ ಇಟ್ಟುಕೊಂಡು ನೆರೆಯ ಆಚಾರಿಯವರು ಮರೈನ್ ಪ್ಲೈವುಡ್ಡಿನಲ್ಲಿ ಹೊಸದನ್ನು ಕತ್ತರಿಸಿಕೊಟ್ಟರು. ನಿಜವಾದ ಹಾನಿ ಆಗಿದ್ದುದು ಉಪ್ಪುಗಾಳಿಯಿಂದ. ಆಟದ ಬೋರ್ಡನ್ನು ಪೆಟ್ಟಿಗೆಯ ತಂತಿಗಳಿಗೆ ಜೋಡಿಸುವ ಕನೆಕ್ಟರಿನಲ್ಲಿ ಒಂದೊಂದು ಮುಖಕ್ಕೆ 28ರಂತೆ ಒಟ್ಟು 56 ಸಂಪರ್ಕಗಳಿರುತ್ತವೆ. ಎಂಬತ್ತರ ದಶಕದ ನಡುವೆ ಜಪಾನಿನ ತಯಾರಕರ ಸಂಘವು ರೂಪಿಸಿದ ‘ಜಾಮಾ’ ಎಂಬ ಈ ಮಾನದಂಡದಿಂದಾಗಿ ಬೋರ್ಡನ್ನಷ್ಟೇ ಬದಲಿಸಿ ಅದೇ ಪೆಟ್ಟಿಗೆಯಲ್ಲಿ ಬೇರೆ ಆಟ ಆಡಿಸಬಹುದಿತ್ತು. ನನ್ನ ಯಂತ್ರದಲ್ಲಿ ಆ ಸಂಪರ್ಕಗಳ ಮೇಲೆಲ್ಲ ಹಸಿರು ಕಿಲುಬು ಕಟ್ಟಿತ್ತು. ಶಾಲಾ ಮಕ್ಕಳ ರಬ್ಬರಿನಿಂದ ಒಂದೊಂದನ್ನೇ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸುವುದಕ್ಕೆ ಎರಡು ಭಾನುವಾರಗಳು ಹಿಡಿದವು.

ಆಮೇಲೆ ಸ್ವಿಚ್ ಹಾಕಿದಾಗ ಆಟದ ಸದ್ದೇನೋ ಬಂತು, ಆದರೆ ಪರದೆಯ ನಡುವೆ ಕಣ್ಣು ಕುಕ್ಕುವಂಥ ಬಿಳಿಯ ಅಡ್ಡಗೆರೆಯೊಂದನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಮೂವತ್ತು ವರ್ಷ ಟಿವಿ ದುರಸ್ತಿ ಮಾಡಿ ಈಗ ಅಂಗಡಿ ಮುಚ್ಚಿರುವ ಹಿರಿಯರೊಬ್ಬರನ್ನು ಕೇಳಿಕೊಂಡು ಮನೆಗೆ ಕರೆತಂದೆ. ಅವರು ಒಳಗೆ ಬಂದವರೇ ಮೊದಲು ಬ್ರೈಟ್‌ನೆಸ್ ತಗ್ಗಿಸಿದರು. “ಲೈನ್ ನೋಡ್ತಾ ಕೂತ್ಕೊಳ್ಬೇಡಿ ಮಾರಾಯ್ರೆ, ಅಲ್ಲೇ ಟ್ಯೂಬ್ ಸುಟ್ಟು ಕಲೆ ಬೀಳ್ತದೆ” ಎಂದರು. ಪರದೆಯ ತುಂಬ ಹರಡಬೇಕಾದ ಎಲೆಕ್ಟ್ರಾನುಗಳ ಧಾರೆ ಮೇಲೆ ಕೆಳಗೆ ಚಲಿಸದೆ ಒಂದೇ ಗೆರೆಗೆ ಬಿದ್ದರೆ ಅಲ್ಲಿನ ಫಾಸ್ಫರ್ ಎಂಬ ಹೊಳೆಯುವ ಲೇಪ ಸುಡುತ್ತದೆಂಬುದು ನನಗೆ ಅಂದು ತಿಳಿಯಿತು. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಬಣ್ಣದ ಟ್ಯೂಬಿಗೆ ಹೋಗುವುದು 20,000 ವೋಲ್ಟ್‌ಗೂ ಮಿಕ್ಕಿದ ಒತ್ತಡ. ಅವರು ಸ್ಕ್ರೂಡ್ರೈವರಿಗೆ ತಂತಿ ಸುತ್ತಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಹೊರಮೈಯ ಅರ್ತ್ ಜಾಲರಿಗೆ ಕಚ್ಚಿಸಿ, ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಟ್ಯೂಬಿಗೆ ಆ ವಿದ್ಯುತ್ ಹೋಗುವ ಜಾಗವನ್ನು ಮುಚ್ಚಿರುವ ರಬ್ಬರ್ ಟೋಪಿಯ ಅಡಿಗೆ ಸ್ಕ್ರೂಡ್ರೈವರಿನ ತುದಿಯನ್ನು ತೂರಿಸಿದಾಗ ‘ಚಟ್’ ಎಂದು ಕಿಡಿ ಹಾರಿತು. ದೋಷವಿದ್ದುದು ಆ ಧಾರೆಯನ್ನು ಮೇಲೆ ಕೆಳಗೆ ಚಲಿಸುವಂತೆ ಮಾಡುವ ವರ್ಟಿಕಲ್ ಐಸಿಯ ಕಾಲಿನ ಸುತ್ತ ಬಿರುಕು ಬಿಟ್ಟ ಬೆಸುಗೆಯಲ್ಲಿ ಮತ್ತು ಪಕ್ಕದಲ್ಲೇ ಒಣಗಿಹೋಗಿದ್ದ ಒಂದು ಕಂಡೆನ್ಸರಿನಲ್ಲಿ. ಇಷ್ಟೂ ಸರಿಯಾದ ಮೇಲೆ ಚಿತ್ರ ಮೂಡಿತು, ಆದರೆ ಮೇಲಿನಿಂದ ಕೆಳಗೆ ಉರುಳುತ್ತಲೇ ಇತ್ತು. ನಮ್ಮ ಟಿವಿಗಳು ಸೆಕೆಂಡಿಗೆ 50 ಬಾರಿ ಪರದೆಯನ್ನು ಬರೆದರೆ ಈ ಬೋರ್ಡು ಸುಮಾರು 60 ಬಾರಿ ಬರೆಯುತ್ತದೆ; ವರ್ಟಿಕಲ್ ಹೋಲ್ಡ್ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಅದೂ ನಿಂತಿತು.

ಟ್ಯೂಬಿಗಾಗಿ ಇಷ್ಟೊಂದು ಒದ್ದಾಟವೇಕೆ, ಎಲ್‌ಸಿಡಿ ಪರದೆ ಕೂರಿಸಿ ಒಳಗೊಂದು ಕಂಪ್ಯೂಟರ್ ಇಟ್ಟರಾಯಿತಲ್ಲ ಎಂದು ಹಲವರು ಕೇಳಿದ್ದಾರೆ. ಆಡುವುದಷ್ಟೇ ಗುರಿಯಾದರೆ ಅದು ಸಾಕು, ನನ್ನ ತಕರಾರಿಲ್ಲ. ಆದರೆ ಆ ಚಿತ್ರಗಳನ್ನು ಬಿಡಿಸಿದವರು ಟ್ಯೂಬಿನ ಗೆರೆಗಳು ಒಂದಕ್ಕೊಂದು ಮೆತ್ತಗೆ ಬೆರೆಯುವುದನ್ನು ಲೆಕ್ಕಕ್ಕೆ ಹಿಡಿದೇ ಬಿಡಿಸಿದ್ದರು. ಚಪ್ಪಟೆ ಪರದೆಯಲ್ಲಿ ಅದೇ ಮುಖ ಹೆಂಚು ಜೋಡಿಸಿದಂತೆ ಚೌಕ ಚೌಕವಾಗಿ ಕಾಣುತ್ತದೆ. ಟ್ಯೂಬನ್ನು ತೆಗೆದ ಮೇಲೆ ಉಳಿಯುವುದು ಆ ಯಂತ್ರದ ಪೆಟ್ಟಿಗೆ ಮಾತ್ರ.

ಇಲ್ಲಿಯೇ ನನ್ನ ದೂರು ಇರುವುದು. ಇಂಥ ಟ್ಯೂಬುಗಳನ್ನು ಈಗ ಯಾರೂ ತಯಾರಿಸುತ್ತಿಲ್ಲವಾದ್ದರಿಂದ ಸಿಗುವುದಿದ್ದರೆ ಹಳೆಯ ಬಣ್ಣದ ಟಿವಿಗಳಿಂದಲೇ ಸಿಗಬೇಕು. ಬದಲಿ ಟ್ಯೂಬು ಹುಡುಕಿಕೊಂಡು ಕಳೆದ ಬೇಸಿಗೆಯಲ್ಲಿ ನಗರದ ಹೊರವಲಯದ ಗುಜರಿ ಅಂಗಳವೊಂದಕ್ಕೆ ಹೋದಾಗ, ಸಾಲಾಗಿ ಇರಿಸಿದ್ದ ಹತ್ತಾರು ಟಿವಿಗಳ ಟ್ಯೂಬಿನ ಕತ್ತನ್ನು ಹುಡುಗನೊಬ್ಬ ಬರಿಗೈಯಲ್ಲಿ ಸುತ್ತಿಗೆ ಹಿಡಿದು ಮುರಿಯುತ್ತಿದ್ದ. ಅವನಿಗೆ ಬೇಕಾದದ್ದು ಕತ್ತಿನ ಸುತ್ತ ಇರುವ ತಾಮ್ರದ ಸುರುಳಿ ಮಾತ್ರ. ಒಳಗೆ ನಿರ್ವಾತವಿರುವ ಟ್ಯೂಬು ಒಡೆದಾಗ ಗಾಜು ಸಿಡಿಯುತ್ತದೆ. ಹಿಂಭಾಗದ ಆಲಿಕೆಯಾಕಾರದ ಗಾಜಿನಲ್ಲಿ ಸೀಸವಿದೆ. ಆ ಚೂರುಗಳ ರಾಶಿ ಬಿದ್ದಿದ್ದುದು ತೋಡಿನ ಬದಿಯಲ್ಲಿ. ಜೂನ್ ತಿಂಗಳ ಮೊದಲ ಮಳೆಗೆ ಅದು ಎತ್ತ ಹರಿಯುತ್ತದೆಂಬುದನ್ನು ಈ ಊರಿನವರಿಗೆ ವಿವರಿಸಬೇಕಾಗಿಲ್ಲ.

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ತ್ಯಾಜ್ಯವನ್ನು ಪುಡಿ ಮಾಡಿ ಅದರ ವಸ್ತುಗಳನ್ನು ಬೇರ್ಪಡಿಸುವ ರೀಸೈಕ್ಲರ್‌ಗಳ ಜೊತೆಗೆ ರಿಫರ್ಬಿಷರ್, ಅಂದರೆ ಹಳೆಯ ಸಾಧನವನ್ನು ಸರಿಪಡಿಸಿ ಮತ್ತೆ ಬಳಕೆಗೆ ಕೊಡುವವರಿಗೂ ಸ್ಥಾನವಿದೆ. ಪುಡಿ ಮಾಡುವ ಮುನ್ನ ದುರಸ್ತಿಗೊಂದು ಅವಕಾಶವಿರಬೇಕೆಂಬ ತಿಳಿವಳಿಕೆ ಕಾನೂನಿಗೇ ಇದ್ದ ಮೇಲೆ, ಇ-ತ್ಯಾಜ್ಯ ಸಂಗ್ರಹಿಸುವ ಸ್ಥಳೀಯ ಸಂಸ್ಥೆಗಳು ಟ್ಯೂಬ್ ಟಿವಿಗಳನ್ನು ಒಡೆಯದೆ ಇಡಿಯಾಗಿ ಬೇರೆಯೇ ಇರಿಸಿ, ಸಂಗ್ರಹದ ದಿನ ಹಳೆಯ ಟಿವಿ ಮೆಕ್ಯಾನಿಕರೊಬ್ಬರಿಂದ ಪರೀಕ್ಷೆ ಮಾಡಿಸುವುದು ಅಸಾಧ್ಯದ ಮಾತಲ್ಲ. ಕೆಟ್ಟವು ನಿಯಮದಂತೆ ನೋಂದಾಯಿತ ಘಟಕಕ್ಕೆ ಹೋಗಲಿ. ಚೆನ್ನಾಗಿರುವವು ಬೇಕಾದವರಿಗೆ ಸಿಗಲಿ. ಆ ಮೆಕ್ಯಾನಿಕರಿಗೆ ಅಂದಿನ ಸಂಭಾವನೆಯನ್ನೂ ಕೊಡಬೇಕು. ಕಿಡಿ ಹಾರಿಸದೆ ಟ್ಯೂಬು ಮುಟ್ಟಬಾರದೆಂದು ಬಲ್ಲವರು ಹೆಚ್ಚು ಮಂದಿ ಉಳಿದಿಲ್ಲ, ಉಳಿದವರೂ ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ. ಪಿಲಿಕುಳದ ವಿಜ್ಞಾನ ಕೇಂದ್ರದಂಥ ಕಡೆ ನಡೆಯುವ ಸ್ಥಿತಿಯಲ್ಲಿರುವ ಒಂದು ಟ್ಯೂಬನ್ನು ಇರಿಸಿದರೆ ಅಯಸ್ಕಾಂತ ಹಿಡಿದಾಗ ಚಿತ್ರ ಬಾಗುವುದನ್ನು ಮಕ್ಕಳು ಕಣ್ಣಾರೆ ನೋಡಬಹುದು. ಚಪ್ಪಟೆ ಪರದೆ ಅದನ್ನು ತೋರಿಸಲಾರದು.

ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯದಿರಲೆಂದು ನಮ್ಮಲ್ಲಿ ಹಿಂದೆ ಮಾಡುತ್ತಿದ್ದಂತೆ, ಮಳೆಗಾಲವಿಡೀ ಆ ಪೆಟ್ಟಿಗೆಯೊಳಗೊಂದು ಜೀರೋ ಬಲ್ಬು ಉರಿಸಿಡುತ್ತೇನೆ. ಬೋರ್ಡು ಗಟ್ಟಿಯಾಗಿದೆ. ಟ್ಯೂಬಿನಲ್ಲಿ ಮಾತ್ರ ಕೆಂಪು ಬಣ್ಣ ಈಗಾಗಲೇ ಮಸುಕಾಗತೊಡಗಿದೆ, ಸ್ವಿಚ್ ಹಾಕಿ ಹತ್ತು ನಿಮಿಷ ಕಾದ ಮೇಲಷ್ಟೇ ಅದು ಮೂಡುತ್ತದೆ. ಮೆಕ್ಯಾನಿಕರ ಪ್ರಕಾರ ಅದಕ್ಕಿರುವ ಮದ್ದು ಇನ್ನೊಂದು 20 ಇಂಚಿನ ಟ್ಯೂಬು.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಉರ್ವ, ಮಂಗಳೂರು